ಅದರ ಅಮ್ಮ ಎಲ್ಲಿ? ಕಡಲಪ್ರಾಣಿ ಪಾರ್ಕ್ ನಡೆಸುವವರಿಗೊಂದು ಬಹಿರಂಗ ಪತ್ರ

ಪಾರ್ಕಿನ ಆಡಳಿತದವರಿಗೆ,

ನಮಸ್ಕಾರ.

ನಮ್ಮ ನೆನಪು ನಿಮಗೆ ಇರಲಿಕ್ಕಿಲ್ಲ. ಶಾಲೆಗೆ ರಜೆ ಇದ್ದ ದಿನ ಬಂದ ನೂರಾರು ಕುಟುಂಬಗಳಲ್ಲಿ ನಮ್ಮದೂ ಒಂದು. ನಾನು, ನನ್ನ ಗಂಡ, ಏಳು ವರ್ಷದ ಮಗಳು, ಜೊತೆಗೆ ನಮ್ಮ ಅತ್ತೆ. ಡಾಲ್ಫಿನ್ ಶೋ ನೋಡಲು ಮೂರನೇ ಸಾಲಿನಲ್ಲಿ ಕೂತಿದ್ದೆವು. ಇಲ್ಲಿ ಕೂತರೆ ನೆನೆಯುತ್ತೀರಿ ಅಂತ ಬೆಂಚಿನ ಮೇಲೇ ಬರೆದಿತ್ತು. ಗೊತ್ತಿದ್ದೇ ಕೂತೆವು, ನೆನೆದೆವು. ಅತ್ತೆ ಕನ್ನಡಕ ಒರೆಸಿಕೊಂಡು ನಕ್ಕಿದ್ದು ನೋಡಿ ಎಷ್ಟೋ ದಿನವಾಗಿತ್ತು.

ನಿಮಗೆ ದಿನಾ ಬರುವಂಥ ದೂರು ಇದಲ್ಲ. ಟಿಕೆಟ್ ಬಗ್ಗೆ ತಕರಾರಿಲ್ಲ, ಕ್ಯೂ ಬಗ್ಗೆ ತಕರಾರಿಲ್ಲ, ಶೌಚಾಲಯ ಚೊಕ್ಕಟವಾಗಿತ್ತು. ನನ್ನ ಮಗಳು ಒಂದು ಪ್ರಶ್ನೆ ಕೇಳಿದಳು. ನಿಮ್ಮಲ್ಲಿ ಯಾರೂ ಅದಕ್ಕೆ ಉತ್ತರ ಕೊಡಲಿಲ್ಲ. ಅಷ್ಟೇ ವಿಷಯ.

ಶೋ ಮುಗಿದ ಮೇಲೆ ಮೈಕ್ ಹಿಡಿದಿದ್ದವರು, "ಮಕ್ಕಳೇ, ಏನಾದರೂ ಕೇಳುವುದಿದೆಯಾ?" ಅಂದರು. ಸಾಮಾನ್ಯವಾಗಿ ಬಾಯಿ ಬಿಡದ ನನ್ನ ಮಗಳು ಬೆಂಚಿನ ಮೇಲೆ ಹತ್ತಿ ನಿಂತು ಕೈ ಎತ್ತಿದಳು. ಕೊಳದ ಅಂಚಿನಲ್ಲಿ ತಲೆ ಎತ್ತಿ ನಿಂತಿದ್ದ ಸಣ್ಣ ಡಾಲ್ಫಿನ್ ಕಡೆ ಬೆರಳು ತೋರಿಸಿ, "ಅದರ ಅಮ್ಮ ಎಲ್ಲಿ?" ಅಂದಳು.

ಮೈಕಿನವರು ಒಂದು ಕ್ಷಣ ತಡೆದರು. ಆಮೇಲೆ ಜೋರಾಗಿ, "ಇಲ್ಲಿರುವ ನಾವೆಲ್ಲರೂ ಅದಕ್ಕೆ ಅಮ್ಮಂದಿರೇ ಪುಟ್ಟಿ!" ಅಂದರು. ಚಪ್ಪಾಳೆ ಬಿತ್ತು. ಸಂಗೀತ ಶುರುವಾಯಿತು. ಮಗಳು ಕೂತುಕೊಂಡು ನನ್ನ ಕಿವಿಯಲ್ಲಿ, "ಅವರು ಹೇಳಲೇ ಇಲ್ವಲ್ಲ" ಅಂದಳು.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನೂ ಚಪ್ಪಾಳೆ ತಟ್ಟಿದವಳೇ. ಎರಡೂವರೆ ಮೀಟರ್ ಉದ್ದದ ಪ್ರಾಣಿ ನೀರಿನಿಂದ ಪೂರ್ತಿ ಮೇಲೆದ್ದು, ಗಾಳಿಯಲ್ಲಿ ಒಂದು ಸುತ್ತು ಹಾಕಿ, ಸದ್ದೇ ಇಲ್ಲದೆ ಮತ್ತೆ ನೀರಿಗೆ ಇಳಿಯುವುದನ್ನು ಅಷ್ಟು ಹತ್ತಿರದಿಂದ ನೋಡಿದರೆ ಯಾರಿಗಾದರೂ ಮೈ ಜುಮ್ ಅನ್ನುತ್ತದೆ. ಆ ಹೊತ್ತಿಗೆ ತಲೆಯಲ್ಲಿ ಯಾವ ತರ್ಕವೂ ಇರುವುದಿಲ್ಲ. ಹಾಗಾಗಿ ಮೇಲೆ ಕೂತು ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ.

ಆದರೆ ಶೋ ಆದಮೇಲೆ ನಾವು ತಕ್ಷಣ ಹೊರಡಲಿಲ್ಲ. ಕೆಳಗೆ ಗಾಜಿನ ಗೋಡೆ ಇದೆಯಲ್ಲ, ನೀರಿನೊಳಗೆ ಕಾಣುವಂಥದ್ದು, ಅಲ್ಲಿಗೆ ಹೋದೆವು. ಜನ ಕಡಿಮೆ ಇದ್ದರು. ಆ ಸಣ್ಣ ಡಾಲ್ಫಿನ್ ಒಂದೇ ದಿಕ್ಕಿನಲ್ಲಿ ಸುತ್ತು ಹಾಕುತ್ತಿತ್ತು. ಗಾಜಿನ ಮುಂದೆ ಬರುತ್ತದೆ, ಬಲಗಣ್ಣು ನಮ್ಮ ಕಡೆ ಹಾಯಿಸುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಮಗಳು ಎಣಿಸತೊಡಗಿದಳು. ಮೊದಲು ಆಟವಾಗಿ, ಜೋರಾಗಿ. ಹತ್ತು ದಾಟಿದ ಮೇಲೆ ಮೆಲ್ಲಗೆ. 31ಕ್ಕೆ ನಿಲ್ಲಿಸಿದಳು. ಯಾಕೆ ನಿಲ್ಲಿಸಿದೆ ಅಂತ ನಾನು ಕೇಳಲಿಲ್ಲ.

ಅದರ ಪಕ್ಕೆಯ ಮೇಲೆ ಬಾಚಣಿಗೆಯಿಂದ ಗೀರಿದ ಹಾಗೆ ಸಾಲು ಸಾಲು ಬಿಳಿ ಗೆರೆಗಳಿದ್ದವು. ಅದು ಬೇರೆ ಡಾಲ್ಫಿನ್‌ಗಳ ಹಲ್ಲಿನ ಗುರುತು ಅಂತ ಆಮೇಲೆ ತಿಳಿಯಿತು. ಕಡಲಿನಲ್ಲೂ ಅವು ಹೀಗೆ ಜಗಳವಾಡುತ್ತವೆ, ಅದೇನೂ ವಿಶೇಷವಲ್ಲ. ಅಲ್ಲಿ ಪೆಟ್ಟು ತಿಂದದ್ದು ದೂರ ಓಡಿಹೋಗಬಹುದು. ಇಲ್ಲಿ ಒಂದು ಸುತ್ತು ಹೊಡೆದರೆ ಮತ್ತೆ ಅದೇ ಹಲ್ಲಿನ ಎದುರಿಗೇ ಬರಬೇಕು.

ಅಲ್ಲಿ ಬಕೆಟ್ ಹಿಡಿದು ನಿಂತಿದ್ದ ನಿಮ್ಮ ಹುಡುಗನೊಬ್ಬನ ಬಗ್ಗೆ ಎರಡು ಮಾತು ಹೇಳಲೇಬೇಕು. ಬಹಳ ಒಳ್ಳೆಯ ಹುಡುಗ. ಮಗಳನ್ನು ಕರೆದು ಬಕೆಟ್ ತೋರಿಸಿದ. ಮಂಜುಗಡ್ಡೆಯಲ್ಲಿಟ್ಟು ಕರಗಿಸಿದ ಸಣ್ಣ ಮೀನುಗಳು. ಒಂದು ಮೀನಿನ ಕಿವಿರು ಬಿಡಿಸಿ, ಒಳಗೆ ಒಂದು ಮಾತ್ರೆ ಸಿಕ್ಕಿಸಿದ. ಮೀನನ್ನು ಫ್ರೀಜರಿನಲ್ಲಿಟ್ಟರೆ ಅದರ ಸತ್ವ ಕಡಿಮೆಯಾಗುತ್ತದಂತೆ, ಅದಕ್ಕೇ ವಿಟಮಿನ್. ಡಾಲ್ಫಿನ್ ಸಮುದ್ರದ ನೀರು ಕುಡಿದು ಬದುಕುವುದಿಲ್ಲ, ಅದಕ್ಕೆ ಬೇಕಾದ ನೀರು ಮೀನಿನಿಂದಲೇ ಸಿಗುತ್ತದೆ. ಫ್ರೀಜರಿನ ಮೀನಿನಲ್ಲಿ ನೀರೂ ಕಡಿಮೆ. ಹಾಗಾಗಿ ಕೆಲವು ಕಡೆ ಜೆಲಾಟಿನ್ ತುಂಡುಗಳನ್ನೂ ತಿನ್ನಿಸುತ್ತಾರೆ ಅಂದ. ಕುತ್ತಿಗೆಯಲ್ಲಿದ್ದ ಸೀಟಿಯನ್ನೂ ತೋರಿಸಿದ. ಡಾಲ್ಫಿನ್ ಸರಿಯಾಗಿ ನೆಗೆದ ಕ್ಷಣಕ್ಕೇ ಸೀಟಿ ಊದಬೇಕು, ಆಗ ಅದಕ್ಕೆ 'ಇದೇ ಸರಿ' ಅಂತ ಗೊತ್ತಾಗುತ್ತದೆ, ಮೀನು ಆಮೇಲೆ. ಎಷ್ಟು ಚೆನ್ನಾಗಿ ವಿವರಿಸಿದ ಅಂದರೆ, ಇವನು ಮೇಷ್ಟ್ರಾಗಬೇಕಿತ್ತು ಅಂತ ಅತ್ತೆ ಅಂದರು.

ಮಗಳು ಅವನಿಗೂ ಅದೇ ಪ್ರಶ್ನೆ ಕೇಳಿದಳು. ಅವನ ಮುಖ ಸಣ್ಣಗಾಯಿತು. "ಇದು ಬೇರೆ ಕಡೆಯಿಂದ ಬಂದದ್ದು ಮರಿ. ಅದರ ಅಮ್ಮನ ವಿಷಯ ನನಗೆ ಗೊತ್ತಿಲ್ಲ" ಅಂದ. ಕನಿಷ್ಠ ಸುಳ್ಳು ಹೇಳಲಿಲ್ಲ. ಅದಕ್ಕೆ ಅವನ ಮೇಲೆ ನನಗೆ ಗೌರವ ಜಾಸ್ತಿಯಾಯಿತು.

ಮನೆಗೆ ಬಂದ ಮೇಲೆ ಪ್ರಶ್ನೆ ನನ್ನ ತಲೆಗೆ ಹತ್ತಿಕೊಂಡಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಕೂತು ಓದಿದೆ. ಓದಿದ್ದರಲ್ಲಿ ಸ್ವಲ್ಪ ನಿಮಗೂ ಹೇಳುತ್ತೇನೆ. ನಿಮಗೆ ಗೊತ್ತಿರುವುದೇ ಇರಬಹುದು. ಗೊತ್ತಿದ್ದೂ ಮೈಕಿನಲ್ಲಿ ಹೇಳುವುದಿಲ್ಲ ಅನ್ನುವುದೇ ನನ್ನ ತಕರಾರು.

ನಿಮ್ಮ ಹುಡುಗನ ಕೊರಳಿನ ಸೀಟಿ ನೋಡಿದೆವಲ್ಲ, ಡಾಲ್ಫಿನ್‌ಗಳಿಗೂ ತಮ್ಮದೇ ಸೀಟಿ ಇರುತ್ತದೆ. ಬಾಯಿಂದ ಊದುವುದಲ್ಲ, ತಲೆಯ ಮೇಲಿನ ಉಸಿರುರಂಧ್ರದ ಕೆಳಗಿನ ಮೂಗಿನ ದಾರಿಯಲ್ಲಿ ಹುಟ್ಟುವ ದನಿ. ಹುಟ್ಟಿದ ಕೆಲವೇ ತಿಂಗಳಲ್ಲಿ ಮರಿ ತನ್ನದೇ ಒಂದು ಸೀಟಿ ಕಟ್ಟಿಕೊಳ್ಳುತ್ತದೆ. ಅದೇ ಅದರ ಹೆಸರು ಅಂದುಕೊಳ್ಳಿ. ಬೇರೆ ಡಾಲ್ಫಿನ್ ಆ ಸೀಟಿಯನ್ನು ಅನುಕರಿಸಿ ಕರೆದರೆ ಇದು ಓಗೊಡುತ್ತದೆ. ಮರಿ ಜೊತೆಗಿದ್ದಾಗ ತಾಯಿ ತನ್ನ ಸೀಟಿಯ ಸ್ವರವನ್ನು ಏರಿಸುತ್ತಾಳೆ ಅಂತ 2023ರಲ್ಲಿ ಒಂದು ಅಧ್ಯಯನ ಬಂತು. ಅಮೆರಿಕದ ಫ್ಲಾರಿಡಾದ ಸಾರಸೋಟ ಕೊಲ್ಲಿಯ 19 ತಾಯಂದಿರ ದನಿಯನ್ನು ಮರಿ ಇದ್ದಾಗ, ಇಲ್ಲದಿದ್ದಾಗ ಹೋಲಿಸಿ ನೋಡಿದ್ದರು. ನಾವು ಕೂಸುಗಳ ಜೊತೆ ದನಿ ಎಳೆದು ಮಾತಾಡುವುದಿಲ್ವಾ, ಹಾಗೇ.

ಇನ್ನೊಂದು ಅಧ್ಯಯನ 2013ರದ್ದು, ಷಿಕಾಗೋ ವಿಶ್ವವಿದ್ಯಾಲಯದ ಜೇಸನ್ ಬ್ರಕ್ ಅನ್ನುವವರು ಮಾಡಿದ್ದು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಿಂದೆ ಜೊತೆಗಿದ್ದ ಡಾಲ್ಫಿನ್‌ಗಳ ಸೀಟಿಯನ್ನು ನೀರಿನೊಳಗಿನ ಸ್ಪೀಕರಿನಲ್ಲಿ ಕೇಳಿಸಿದರು. ಪರಿಚಯವಿಲ್ಲದ ಸೀಟಿಗೆ ಡಾಲ್ಫಿನ್‌ಗಳು ಬೇಗ ಬೇಸರಪಟ್ಟವು. ಪರಿಚಯದ ಸೀಟಿ ಕೇಳಿದರೆ ಸ್ಪೀಕರಿನ ಹತ್ತಿರ ಬಂದು ನಿಂತವು, ಅದಕ್ಕೇ ಸೀಟಿ ಹಾಕಿ ಮಾತಾಡಿಸಲು ನೋಡಿದವು. ಬೇಯ್ಲಿ ಅನ್ನುವ ಹೆಣ್ಣು ಡಾಲ್ಫಿನ್ ಬರ್ಮುಡಾದಲ್ಲಿತ್ತು. ಅದರ ಜೊತೆ ಚಿಕ್ಕಂದಿನಲ್ಲಿ ಇದ್ದ ಆಲಿ ಅನ್ನುವುದು ಷಿಕಾಗೋ ಹತ್ತಿರದ ಮೃಗಾಲಯದಲ್ಲಿತ್ತು. ಬೇರೆಯಾಗಿ 20 ವರ್ಷ 6 ತಿಂಗಳಾಗಿತ್ತು. ಆಲಿಯ ಸೀಟಿ ಕೇಳಿ ಬೇಯ್ಲಿ ಗುರುತು ಹಿಡಿಯಿತು.

ಒಂದು ಮಾತು ಗಮನಿಸಿ. ಈ ಅಧ್ಯಯನ ಸಾಧ್ಯವಾದದ್ದೇ ಪಾರ್ಕುಗಳು ಡಾಲ್ಫಿನ್‌ಗಳನ್ನು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಸಾಗಿಸುವುದರಿಂದ. ಮರಿ ಹಾಕಿಸಲು ಒಂದನ್ನು ಕಳಿಸುತ್ತೀರಿ, ಜಾಗ ಸಾಲದಿದ್ದರೆ ಇನ್ನೊಂದನ್ನು ಕಳಿಸುತ್ತೀರಿ. ಯಾವುದು ಎಲ್ಲಿ ಎಷ್ಟು ವರ್ಷ ಯಾರ ಜೊತೆ ಇತ್ತು ಅನ್ನುವ ದಾಖಲೆ ಅಷ್ಟು ಪಕ್ಕಾ ಇದ್ದದ್ದಕ್ಕೇ ವಿಜ್ಞಾನಿಗಳಿಗೆ ಲೆಕ್ಕ ಸಿಕ್ಕಿತು. ಅಂದರೆ ಆ ಸಣ್ಣ ಡಾಲ್ಫಿನ್ನಿನ ಅಮ್ಮ ಎಲ್ಲಿದೆ ಅನ್ನುವುದು ನಿಮ್ಮ ಆಫೀಸಿನ ಯಾವುದೋ ಫೈಲಿನಲ್ಲಿ ಇದ್ದೇ ಇದೆ. ಬಕೆಟ್ ಹಿಡಿದ ಹುಡುಗನಿಗೆ ಗೊತ್ತಿಲ್ಲ, ಮೈಕ್ ಹಿಡಿದವರು ಹೇಳುವುದಿಲ್ಲ, ಅಷ್ಟೇ.

ಅದೇ ಸಾರಸೋಟ ಕೊಲ್ಲಿಯಲ್ಲಿ 1970ರಿಂದ ಕಾಡು ಡಾಲ್ಫಿನ್‌ಗಳನ್ನು ನೋಡಿಕೊಂಡು ಬರುತ್ತಿದ್ದಾರೆ. ಬೆನ್ನಿನ ರೆಕ್ಕೆಯ ಅಂಚಿನ ಕಚ್ಚು ನೋಡಿ ಇದು ಇಂಥದ್ದು, ಇದರ ಅಮ್ಮ ಇಂಥದ್ದು, ಅಜ್ಜಿ ಇಂಥದ್ದು ಅಂತ ಹೇಳುತ್ತಾರೆ. ಅಲ್ಲಿ ನಿಕ್ಲೋ ಅನ್ನುವ ಹೆಣ್ಣು 67 ವರ್ಷ ಬದುಕಿತ್ತು. ಅಮೆರಿಕ, ಕೆನಡಾ ಗಡಿಯ ಕಡಲಿನಲ್ಲಿರುವ ಓರ್ಕಾ ಅನ್ನುವ ದೊಡ್ಡ ಕಡಲಪ್ರಾಣಿಗಳನ್ನೂ 1976ರಿಂದ ಪ್ರತಿವರ್ಷ ಫೋಟೋ ತೆಗೆದು ಗಣತಿ ಮಾಡುತ್ತಾರೆ. ಮಿತಿಯೇ ಇಲ್ಲದ ನೀರಿನಲ್ಲಿ ಯಾರ ಅಮ್ಮ ಯಾರು ಅಂತ ಹೇಳಬಹುದಂತೆ. ನಾಲ್ಕೇ ನಾಲ್ಕು ಡಾಲ್ಫಿನ್ ಇರುವ ಕೊಳದ ಪಕ್ಕ ಹೇಳಲಾಗುವುದಿಲ್ಲವೇ?

ಈ ಓರ್ಕಾಗಳಲ್ಲಿ ಒಂದರ ಕತೆ ಮಗಳಿಗೆ ಹೇಳಬೇಕೋ ಬೇಡವೋ ಅಂತ ನಾನಿನ್ನೂ ತೀರ್ಮಾನಿಸಿಲ್ಲ. ನಿಮಗೆ ಹೇಳುತ್ತೇನೆ. ಓರ್ಕಾ ಅಂದರೆ ಕಪ್ಪು ಬಿಳುಪಿನ ಕಿಲ್ಲರ್ ವೇಲ್. ಹೆಸರಿನಲ್ಲಿ ವೇಲ್ ಇದ್ದರೂ ಅದು ಡಾಲ್ಫಿನ್ ಕುಟುಂಬದ್ದೇ, ಆ ಕುಟುಂಬದಲ್ಲಿ ಎಲ್ಲಕ್ಕಿಂತ ದೊಡ್ಡದು. 1970ರ ಆಗಸ್ಟಿನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೆನ್ ಕೋವ್ ಅನ್ನುವ ಕಡೆ ದೋಣಿ, ಸಿಡಿಮದ್ದು ಬಳಸಿ ಸುಮಾರು 80 ಓರ್ಕಾಗಳನ್ನು ಒಟ್ಟಿಗೆ ಅಟ್ಟಿ ಬಲೆಯಲ್ಲಿ ಕೂಡಿದರು. ಪಾರ್ಕುಗಳಿಗೆ ಮಾರಲು ಬೇಕಾಗಿದ್ದದ್ದು ಮರಿಗಳು ಮಾತ್ರ. 7 ಮರಿಗಳನ್ನು ಎತ್ತಿಕೊಂಡರು. ಬಲೆಗೆ ಸಿಕ್ಕಿ ಕನಿಷ್ಠ 5 ಸತ್ತವು.

ಆ ಏಳರಲ್ಲಿ ಸುಮಾರು 4 ವರ್ಷದ ಒಂದು ಹೆಣ್ಣು ಮರಿ ಮಯಾಮಿಯ ಪಾರ್ಕಿಗೆ ಹೋಯಿತು. ಅದಕ್ಕೆ ಟೋಕಿಟೇ ಅಂತ ಒಂದು ಹೆಸರು, ಶೋಗಳಲ್ಲಿ ಲೋಲಿಟಾ ಅಂತ ಇನ್ನೊಂದು. ಕೊಳ ಸುಮಾರು 80 ಅಡಿ ಉದ್ದ, 35 ಅಡಿ ಅಗಲ. ಜೊತೆಗೆ ಹ್ಯೂಗೋ ಅನ್ನುವ ಗಂಡು ಇತ್ತು, 1980ರಲ್ಲಿ ಸತ್ತಿತು. ಆಮೇಲೆ 43 ವರ್ಷ ತನ್ನ ಜಾತಿಯ ಇನ್ನೊಂದು ಪ್ರಾಣಿಯನ್ನು ಅದು ನೋಡಲಿಲ್ಲ. 2023ರ ಮಾರ್ಚಿನಲ್ಲಿ ಹುಟ್ಟಿದ ಕಡಲಿಗೆ ವಾಪಸ್ ಕಳಿಸುವ ಯೋಜನೆ ಪ್ರಕಟವಾಯಿತು. ಆಗಸ್ಟಿನಲ್ಲಿ ಕೊಳದಲ್ಲೇ ಸತ್ತಿತು. ಆ ಕಡಲತೀರದ ಲಮ್ಮಿ ಮೂಲನಿವಾಸಿಗಳು ಓರ್ಕಾಗಳನ್ನು ತಮ್ಮ ಬಂಧುಗಳು ಅಂತಲೇ ತಿಳಿದವರು. ಅದರ ಬೂದಿಯನ್ನು ತಂದು ನೀರಿಗೆ ಬಿಟ್ಟರು.

ಅದು ಸತ್ತಾಗ, ಅದರ ತಾಯಿ ಇರಬಹುದೆಂದು ನಂಬಲಾದ ಹೆಣ್ಣು ಓರ್ಕಾ ಅದೇ ಕಡಲಿನಲ್ಲಿ ಜೀವಂತವಾಗಿ ಈಜುತ್ತಿತ್ತು. ಗಣತಿಯ ಪಟ್ಟಿಯಲ್ಲಿ ಅದರ ಗುರುತು ಎಲ್25.

ನನ್ನ ಮಗಳು ಕೇಳಿದ್ದು ಹುಡುಗಾಟದ ಪ್ರಶ್ನೆ ಅಂತ ಮೈಕಿನವರಿಗೆ ಅನ್ನಿಸಿರಬೇಕು. ಈ ಇಡೀ ವ್ಯವಹಾರದಲ್ಲಿ ಕೇಳಲೇಬೇಕಾದ ಪ್ರಶ್ನೆ ಅದೇ ಅಂತ ನನಗೆ ಈಗ ಅನ್ನಿಸುತ್ತಿದೆ.

ನಿಮ್ಮ ಕಡೆಯ ವಾದವನ್ನೂ ನಾನು ಯೋಚಿಸದೆ ಇಲ್ಲ. ಜನ ಪ್ರಾಣಿಗಳನ್ನು ಹತ್ತಿರದಿಂದ ನೋಡಿದರೆ ಪ್ರೀತಿಸುತ್ತಾರೆ, ಪ್ರೀತಿಸಿದರೆ ಉಳಿಸುತ್ತಾರೆ ಅಂತ ನೀವು ಹೇಳುತ್ತೀರಿ. ಅದರಲ್ಲಿ ನಿಜವಿದೆ. 1964ರಲ್ಲಿ ಕೆನಡಾದ ವ್ಯಾಂಕೂವರ್ ಅಕ್ವೇರಿಯಂನವರು ಒಂದು ಓರ್ಕಾ ಪ್ರತಿಮೆ ಮಾಡಿಸಬೇಕಿತ್ತು. ಅಳತೆಗೆ ಒಂದು ಓರ್ಕಾ ಕೊಂದು ತನ್ನಿ ಅಂತ ಶಿಲ್ಪಿಯನ್ನೇ ಕಳಿಸಿದರು. ಆಗ ಓರ್ಕಾ ಅಂದರೆ ರಾಕ್ಷಸ, ಕಂಡಲ್ಲಿ ಗುಂಡು ಹೊಡೆಯುವ ಪ್ರಾಣಿ. ಈಟಿ ನಾಟಿದರೂ ಆ ಓರ್ಕಾ ಸಾಯಲಿಲ್ಲ. ಈಟಿಯ ಹಗ್ಗದಲ್ಲೇ ಅದನ್ನು ಬಂದರಿಗೆ ಎಳೆದು ತಂದರು. ಹೆಣ್ಣು ಅಂದುಕೊಂಡು ಮೋಬಿ ಡಾಲ್ ಅಂತ ಹೆಸರಿಟ್ಟರು. ಸತ್ತ ಮೇಲೆ ನೋಡಿದರೆ ಗಂಡು! ಬದುಕಿದ್ದು ಮೂರು ತಿಂಗಳೂ ಇಲ್ಲ. ಅಷ್ಟರೊಳಗೆ, ಈ ರಾಕ್ಷಸ ಎಷ್ಟು ಸಾಧು ಅಂತ ಜನ ಕಣ್ಣಾರೆ ಕಂಡರು. ಅಲ್ಲಿಂದ ಓರ್ಕಾ ಬಗ್ಗೆ ಜನರ ಭಾವನೆ ಬದಲಾಗತೊಡಗಿತು.

ಸರಿ. ಅದು ನಡೆದು 60 ವರ್ಷದ ಮೇಲಾಯಿತು. ಓರ್ಕಾ ಒಳ್ಳೆಯದು, ಡಾಲ್ಫಿನ್ ಜಾಣ ಅಂತ ನಮಗೆ ಈಗ ಗೊತ್ತಾಗಿದೆ. ಆ ಪಾಠ ಮುಗಿದ ಮೇಲೂ ಅದನ್ನೇ ಯಾಕೆ ದಿನಕ್ಕೆ ಮೂರು ಶೋ ಮಾಡಿ ಹೇಳಿಕೊಡಬೇಕು? ಮುಂದಿನ ಪಾಠಕ್ಕೆ ಹೋಗಬಹುದಲ್ಲ.

ದಡಕ್ಕೆ ಬಂದು ಬಿದ್ದ, ಗಾಯಗೊಂಡ ಪ್ರಾಣಿಗಳನ್ನು ಕೆಲವು ಪಾರ್ಕುಗಳು ಕಾಪಾಡಿ ವಾಪಸ್ ಬಿಡುತ್ತವೆ ಅನ್ನುವುದೂ ನಿಜ. ಕ್ಯಾಲಿಫೋರ್ನಿಯಾದಲ್ಲಿ 1984ರಲ್ಲಿ ಶುರುವಾದ ಮಾಂಟೆರೇ ಬೇ ಅಕ್ವೇರಿಯಂ ಇದೆ. ಅಲ್ಲಿ ಡಾಲ್ಫಿನ್ ಕುಣಿತ ಇಲ್ಲ. ತಾಯಿ ತಪ್ಪಿದ ಕಡಲ ನೀರುನಾಯಿ ಮರಿಗಳು ಸಿಕ್ಕರೆ, ಕಡಲಿಗೆ ಮರಳಲಾಗದ ಹೆಣ್ಣು ನೀರುನಾಯಿಗಳ ಹತ್ತಿರ ಬಿಡುತ್ತಾರೆ. ಚಿಪ್ಪು ಒಡೆಯುವುದು, ತುಪ್ಪಳ ತಿದ್ದಿಕೊಳ್ಳುವುದು ಎಲ್ಲಾ ಆ ಸಾಕುತಾಯಿ ಕಲಿಸುತ್ತಾಳೆ. ಮರಿ ಮನುಷ್ಯರಿಗೆ ಒಗ್ಗಿಕೊಳ್ಳದ ಹಾಗೆ ನೋಡಿಕೊಂಡು, ದೊಡ್ಡದಾದ ಮೇಲೆ ಕಡಲಿಗೆ ಬಿಡುತ್ತಾರೆ. ಅಲ್ಲಿ ಮಕ್ಕಳು 'ಇದರ ಅಮ್ಮ ಎಲ್ಲಿ' ಅಂದರೆ ಹೇಳಲು ಒಂದು ಉತ್ತರವಿದೆ. ಜನವೂ ಹೋಗುತ್ತಾರೆ, ನೋಡುತ್ತಾರೆ, ಖುಷಿಪಡುತ್ತಾರೆ.

ಜಾಗದ ವಿಷಯ ಒಂದೇ ಮಾತಿನಲ್ಲಿ ಮುಗಿಸೋಣ ಅಂದುಕೊಂಡಿದ್ದೆ. ಆದರೆ ನಾವು ಮನೆಯಲ್ಲಿ ಮಾಡಿದ ಒಂದು ಕೆಲಸ ಹೇಳದೆ ಇರಲಾರೆ. ಅಮೆರಿಕದ ನಿಯಮದಲ್ಲಿ ಡಾಲ್ಫಿನ್, ಓರ್ಕಾಗಳ ಕೊಳಕ್ಕೆ ಒಂದು ಕನಿಷ್ಠ ಅಳತೆ ಇದೆ. ಅಗಲ ಅಂದರೆ ದೊಡ್ಡ ಪ್ರಾಣಿಯ ಸರಾಸರಿ ಉದ್ದದ ಎರಡು ಪಟ್ಟು. ಆಳ ಅಂದರೆ ಆ ಉದ್ದದ ಅರ್ಧ. ಓರ್ಕಾಗೆ ಲೆಕ್ಕ ಹಾಕಿದರೆ 48 ಅಡಿ ಅಗಲ, 12 ಅಡಿ ಆಳ. ಸಣ್ಣ ಜಾತಿಗಳಿಗೆ ಕಡಿಮೆ ಅಂದರೂ 24 ಅಡಿ ಅಗಲ, 6 ಅಡಿ ಆಳ. ದೊಡ್ಡ ಪಾರ್ಕುಗಳ ಕೊಳ ಇದಕ್ಕಿಂತ ದೊಡ್ಡದಿರುತ್ತದೆ, ನಿಮ್ಮದೂ ದೊಡ್ಡದೇ. ಆದರೂ ಕಾನೂನು ಸಾಕು ಅನ್ನುವುದು ಇಷ್ಟಕ್ಕೆ. ಮಗಳನ್ನು ನೆಲದ ಮೇಲೆ ಮಲಗಿಸಿ ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಒಂದು ಮಗಳು, ಎರಡು ಮಗಳು. ಅಷ್ಟು ಅಗಲಕ್ಕೆ ಒಂದು ವೃತ್ತ. ಅದರೊಳಗೆ ಅವಳು ನಿಂತು ಸುತ್ತಲೂ ನೋಡಿ, "ಇಷ್ಟೇನಾ?" ಅಂದಳು. ಅವಳ ಅಪ್ಪ ಸೊಂಟದ ಹತ್ತಿರ ಕೈ ಹಿಡಿದು, "ನೀರು ಇಲ್ಲಿವರೆಗೆ" ಅಂದರು. ಕಾಡು ಓರ್ಕಾ ಒಂದೇ ದಿನದಲ್ಲಿ 100 ಕಿಲೋಮೀಟರಿಗಿಂತ ಜಾಸ್ತಿ ಹೋಗಬಲ್ಲದು ಅಂತ ಆಗ ಹೇಳಲು ನನಗೆ ಬಾಯಿ ಬರಲಿಲ್ಲ.

ನಗುವಿನ ಬಗ್ಗೆಯೂ ಒಂದು ಮಾತು. "ನೋಡಿ, ಎಷ್ಟು ಖುಷಿಯಾಗಿ ನಗುತ್ತಿದೆ!" ಅಂತ ಶೋದಲ್ಲಿ ಮತ್ತೆ ಮತ್ತೆ ಹೇಳಿದರು. ಡಾಲ್ಫಿನ್ನಿನ ದವಡೆಯ ಆಕಾರವೇ ಹಾಗೆ. ನೋವಾದಾಗಲೂ ಅದೇ ನಗು, ಹಸಿದಾಗಲೂ ಅದೇ ನಗು, ಸತ್ತ ಮೇಲೂ ಅದೇ ನಗು. ದೊಡ್ಡವರಾದ ನಾವು ಮೋಸಹೋದರೆ ಹೋಗಲಿ, ಮಕ್ಕಳಿಗೆ ಯಾಕೆ ಕಲಿಸಬೇಕು ಅದನ್ನು?

ಈಗ ನನ್ನ ಬೇಡಿಕೆಗೆ ಬರುತ್ತೇನೆ. ನಾಳೆ ಬೆಳಗ್ಗೆ ಗೇಟು ತೆಗೆದು ಎಲ್ಲವನ್ನೂ ಕಡಲಿಗೆ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಹೇಳುವವರಿದ್ದಾರೆ, ಅವರ ಮನಸ್ಸು ಒಳ್ಳೆಯದು. ಆದರೆ ಕೇಕೋ ಅನ್ನುವ ಓರ್ಕಾ ವಿಷಯದಲ್ಲಿ ಏನಾಯಿತು ಅಂತ ಓದಿದೆ. 1979ರಲ್ಲಿ ಐಸ್‌ಲ್ಯಾಂಡ್ ಹತ್ತಿರ ಹಿಡಿದದ್ದು. ಒಂದು ಹಾಲಿವುಡ್ ಸಿನಿಮಾದಲ್ಲಿ ಕಾಣಿಸಿಕೊಂಡ ಮೇಲೆ ಅದನ್ನು ಬಿಡಿಸಬೇಕು ಅಂತ ಮಕ್ಕಳೂ ಸೇರಿ ಜನ ದುಡ್ಡು ಕಳಿಸಿದರು. ಮೆಕ್ಸಿಕೋದಿಂದ 1996ರಲ್ಲಿ ಅಮೆರಿಕದ ಆರೆಗನ್, ಅಲ್ಲಿಂದ 1998ರಲ್ಲಿ ಐಸ್‌ಲ್ಯಾಂಡ್. 2002ರಲ್ಲಿ ಅದು ತಾನೇ ಈಜಿಕೊಂಡು ನಾರ್ವೆ ಮುಟ್ಟಿತು. ಅಲ್ಲಿ ಹೋಗಿ ಹುಡುಕಿದ್ದು ಯಾರನ್ನು? ಮನುಷ್ಯರನ್ನು. ದೋಣಿಗಳ ಹಿಂದೆ ಬಂತು, ಮಕ್ಕಳನ್ನು ಬೆನ್ನ ಮೇಲೆ ಹತ್ತಿಸಿಕೊಂಡಿತು. 2003ರ ಡಿಸೆಂಬರಿನಲ್ಲಿ ಸತ್ತಿತು. ಕೊನೆಯ ವರ್ಷಗಳಲ್ಲಾದರೂ ಕಡಲು ಕಂಡಿತು ಅಂತ ಕೆಲವರು, ಒಂಟಿಯಾಯಿತು ಅಂತ ಕೆಲವರು. ನನಗೆ ಎರಡೂ ಸರಿ ಅನ್ನಿಸುತ್ತದೆ. ಫ್ರಾನ್ಸ್ 2021ರಲ್ಲಿ ಕಾನೂನು ಮಾಡಿ, ತಿಮಿಂಗಿಲ, ಡಾಲ್ಫಿನ್ ಶೋಗಳನ್ನು ನಿಲ್ಲಿಸಲು 2026ರ ಡಿಸೆಂಬರಿನ ಗಡುವು ಹಾಕಿತು. ಅಲ್ಲಿನ ಆಂಟೀಬ್ ಪಾರ್ಕ್ 2025ರ ಜನವರಿಯಲ್ಲೇ ಬಾಗಿಲು ಹಾಕಿತು. ಜನ ಹೋದರು, ಸಂಗೀತ ನಿಂತಿತು. ವಿಕಿ, ಕೇಜೋ ಅನ್ನುವ ಓರ್ಕಾ ತಾಯಿ ಮಗ ಮಾತ್ರ ಎಲ್ಲಿಗೆ ಹೋಗಬೇಕು ಅಂತ ತೀರ್ಮಾನವಾಗದೆ ತಿಂಗಳುಗಟ್ಟಲೆ ಅದೇ ಕೊಳದಲ್ಲಿ ಉಳಿದವು. ಕಟ್ಟಿಹಾಕುವುದು ಸುಲಭ, ಬಿಡಿಸುವುದು ಅಷ್ಟು ಸುಲಭ ಅಲ್ಲ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಕೊಳದ ಪಕ್ಕ ಒಂದು ಬೋರ್ಡ್ ಹಾಕಿ. ಈಗಲೂ ಬೋರ್ಡ್ ಇದೆ, ಅದರಲ್ಲಿ ಡಾಲ್ಫಿನ್ ಗಂಟೆಗೆ ಎಷ್ಟು ವೇಗವಾಗಿ ಈಜುತ್ತದೆ, ಎಷ್ಟು ಹಲ್ಲು ಅಂತೆಲ್ಲಾ ಬರೆದಿದೆ. ಅದು ಯಾವ ಪುಸ್ತಕದಲ್ಲೂ ಸಿಗುತ್ತದೆ. ನಾನು ಕೇಳುವುದು ನಿಮ್ಮ ನಾಲ್ಕು ಡಾಲ್ಫಿನ್‌ಗಳ ಬಗ್ಗೆ. ಇದು ಕಡಲಿನಲ್ಲಿ ಹಿಡಿದದ್ದೋ, ಕೊಳದಲ್ಲಿ ಹುಟ್ಟಿದ್ದೋ. ಎಲ್ಲಿ, ಯಾವ ವರ್ಷ. ಅಮ್ಮ ಯಾವುದು, ಈಗ ಎಲ್ಲಿದೆ, ಬದುಕಿದೆಯೋ ಇಲ್ಲವೋ. ಇಲ್ಲಿಗೆ ಬರುವ ಮೊದಲು ಎಲ್ಲೆಲ್ಲಿ ಇತ್ತು. ಇದಕ್ಕೆ ಮರಿಗಳಾಗಿದ್ದರೆ ಅವು ಎಲ್ಲಿವೆ. ಈ ಕೊಳದಲ್ಲಿ ಹಿಂದೆ ಇದ್ದು ಸತ್ತವು ಯಾವುವು. ಅಮೆರಿಕದಲ್ಲಿ ಇಂಥ ಪ್ರಾಣಿಗಳ ಹುಟ್ಟು, ಸಾವು, ವರ್ಗಾವಣೆಯ ಲೆಕ್ಕವನ್ನು ಸರ್ಕಾರಕ್ಕೆ ಕೊಡಲೇಬೇಕು. ಲೆಕ್ಕ ಇಡುವುದು ಹೊಸ ಕೆಲಸವೇನಲ್ಲ, ಅದನ್ನು ಟಿಕೆಟ್ ಕೊಂಡವರ ಕಣ್ಣಿಗೆ ಬೀಳುವ ಹಾಗೆ ಹಾಕುವುದಷ್ಟೇ ಹೊಸದು.

ಎರಡನೆಯದು, ಇನ್ನು ಮೇಲೆ ಅಮ್ಮನನ್ನೂ ಮರಿಯನ್ನೂ ಬೇರೆ ಮಾಡಿ ಸಾಗಿಸಬೇಡಿ. ಕಡಲಿನಲ್ಲಿ ಡಾಲ್ಫಿನ್ ಮರಿ 3ರಿಂದ 6 ವರ್ಷ ಅಮ್ಮನ ಪಕ್ಕ ಬಿಡುವುದಿಲ್ಲ. ಹೊಸ ಮರಿಗಳನ್ನೇ ಹುಟ್ಟಿಸದಿದ್ದರೆ ಇನ್ನೂ ಒಳ್ಳೆಯದು. ವ್ಯಾಪಾರ ಕೆಡುತ್ತದೆ ಅಂತ ಹೆದರಬೇಡಿ. ಓರ್ಕಾ ಶೋಗಳಿಗೆ ಜಗತ್ತಿನಲ್ಲೇ ಹೆಸರಾದ ಸೀವರ್ಲ್ಡ್ 2016ರ ಮಾರ್ಚಿನಲ್ಲಿ ಓರ್ಕಾ ಮರಿ ಹಾಕಿಸುವುದನ್ನು ನಿಲ್ಲಿಸಿತು. ಸುಮ್ನೆ ನಿಲ್ಲಿಸಿದ್ದಲ್ಲ. 2010ರಲ್ಲಿ ಅದರ ಆರ್ಲ್ಯಾಂಡೋ ಪಾರ್ಕಿನಲ್ಲಿ ತಿಲಿಕಂ ಅನ್ನುವ ಓರ್ಕಾ ತರಬೇತುದಾರರೊಬ್ಬರನ್ನು ನೀರಿಗೆ ಎಳೆದುಕೊಂಡು ಕೊಂದಿತ್ತು. 1983ರಲ್ಲಿ ಎರಡು ವರ್ಷದ ಮರಿಯಾಗಿದ್ದಾಗ ಹಿಡಿದು ತಂದ ಓರ್ಕಾ ಅದು. ಆಮೇಲೆ ವರ್ಷಗಟ್ಟಲೆ ಜನ ಪ್ರಶ್ನೆ ಕೇಳಿದರು, ಕೊನೆಗೆ ತೀರ್ಮಾನವಾಯಿತು. ಪಾರ್ಕ್ ಮುಚ್ಚಲಿಲ್ಲ, ಜನ ಈಗಲೂ ಹೋಗುತ್ತಾರೆ. ಕೆನಡಾ 2019ರಲ್ಲಿ ಮರಿ ಹಾಕಿಸುವುದರ ವಿರುದ್ಧ ಕಾನೂನನ್ನೇ ತಂದಿತು. ಭಾರತ ಅದಕ್ಕೂ ಮುಂಚೆ, 2013ರಲ್ಲೇ, ಡಾಲ್ಫಿನ್ ಪಾರ್ಕುಗಳಿಗೆ ಅನುಮತಿ ಕೊಡಬೇಡಿ ಅಂತ ರಾಜ್ಯಗಳಿಗೆ ತಿಳಿಸಿತ್ತು. ಯಾರೋ ಬಂದು ಬಲವಂತ ಮಾಡುವ ಮೊದಲು ನೀವೇ ಮಾಡಿದರೆ ನಿಮಗೇ ಮರ್ಯಾದೆ ಅಲ್ವಾ?

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರಿಗೂ ಒಂದು ಮಾತು, ಬಹಿರಂಗ ಪತ್ರ ಆದ್ದರಿಂದ. ಹೋಗಬೇಡಿ ಅಂತ ಹೇಳಲು ನಾನು ಯಾರು, ನಾನೇ ಹೋಗಿಬಂದವಳು. ಹೋದರೆ ಶೋ ನೋಡಿ ಹಾಗೇ ಹೊರಡಬೇಡಿ. ಗಾಜಿನ ಗೋಡೆಯ ಹತ್ತಿರ ಅರ್ಧ ಗಂಟೆ ನಿಲ್ಲಿ. ಶೋ ಇಲ್ಲದ ಹೊತ್ತಿನಲ್ಲಿ ಆ ಪ್ರಾಣಿ ಏನು ಮಾಡುತ್ತದೆ ಅಂತ ಮಕ್ಕಳ ಜೊತೆ ನೋಡಿ. ಡಾಲ್ಫಿನ್ ಮುತ್ತು ಕೊಡುವ ಫೋಟೋಗೆ ಬೇರೆ ದುಡ್ಡು ಕೇಳುತ್ತಾರೆ, ಅದೊಂದನ್ನು ಬಿಟ್ಟುಬಿಡಿ. ನಾವು ತೆಗೆಸಿಕೊಂಡೆವು. ಆ ಫೋಟೋ ಈಗ ಕಪಾಟಿನ ಮೇಲಿದೆ. ಯಾರಾದರೂ ಮನೆಗೆ ಬಂದು ಚೆನ್ನಾಗಿದೆ ಅಂದರೆ ನನಗೆ ಏನು ಹೇಳಬೇಕೋ ತಿಳಿಯುವುದಿಲ್ಲ. ತೆಗೆದಿಡೋಣ ಅಂದರೆ, ಅದರಲ್ಲಿ ಅತ್ತೆ ನಗುತ್ತಿದ್ದಾರೆ.

ಕೊನೆಯದಾಗಿ ಒಂದು ವಿಷಯ. ಹೊರಗೆ ಬರುವ ದಾರಿಯಲ್ಲಿ ಅಭಿಪ್ರಾಯ ಬರೆಯಲು ಚೀಟಿ ಇಟ್ಟಿದ್ದೀರಿ. ಹೆಸರು, ಎಷ್ಟು ಜನ ಬಂದಿದ್ದಿರಿ, ಐದರಲ್ಲಿ ಎಷ್ಟು ನಕ್ಷತ್ರ. ಪ್ರಶ್ನೆ ಬರೆಯಲು ಜಾಗವೇ ಇರಲಿಲ್ಲ. ಮಗಳು ಚೀಟಿ ತಿರುಗಿಸಿ ಹಿಂದುಗಡೆ ಬರೆದಳು. ಒತ್ತಕ್ಷರದಲ್ಲಿ ಒಂದು ತಪ್ಪಿತ್ತು, ತಿದ್ದಲು ಹೋದೆ, ಬಿಡಲಿಲ್ಲ. ಕೆಳಗೆ ಒಂದು ಸಣ್ಣ ಡಾಲ್ಫಿನ್, ಪಕ್ಕದಲ್ಲಿ ಇನ್ನೊಂದು ದೊಡ್ಡ ಡಾಲ್ಫಿನ್ ಬರೆದಳು. ಮಡಚಿ ಡಬ್ಬಿಗೆ ಹಾಕಿದಳು.

ಆ ಚೀಟಿ ಇನ್ನೂ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಉತ್ತರ ಬರೆಯಿರಿ. ನನಗಲ್ಲ, ಅವಳಿಗೆ. ಅಕ್ಷರ ಸ್ವಲ್ಪ ದೊಡ್ಡದಾಗಿ ಬಿಡಿಸಿ ಬರೆದರೆ ಅವಳೇ ಓದಿಕೊಳ್ಳುತ್ತಾಳೆ.

ಇತಿ,
ಮೂರನೇ ಸಾಲಿನಲ್ಲಿ ಕೂತಿದ್ದ ಒಬ್ಬ ತಾಯಿ